ಎಡ ಅಂಚಿಗೆ ನಿಂತ ಸಾಲು

2 ಜೂನ್, ಸೋಮವಾರ, ಬೆಳಿಗ್ಗೆ 11.40

ಏಳು ಗಂಟೆ ಬ್ಯಾಚಿಗೆ ನಾಲ್ಕು ಜನ, ಎಂಟರದ್ದಕ್ಕೆ ಇಬ್ಬರು. ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹನ್ನೆರಡು ಟೈಪ್‌ರೈಟರುಗಳಲ್ಲಿ ಐದು ಬಟ್ಟೆ ಹೊದ್ದು ಮಲಗಿವೆ. ಗೋಡೆಯಾಚೆ ರೈಲು ಹೋದಾಗ ಮಾತ್ರ ಹನ್ನೆರಡೂ ಒಟ್ಟಿಗೆ ಕಿಣಿಗುಟ್ಟುತ್ತವೆ. ಅಷ್ಟು ಶಿಸ್ತು ಯಾವ ಬ್ಯಾಚಿನಲ್ಲೂ ಕಂಡಿಲ್ಲ.

ಹಳೇಬೀಡಿನ ಕ್ಲಿನಿಕ್ಕಿನಿಂದ ಡಾಕ್ಟರ್ ಬಸವಕುಮಾರ್ ಫೋನ್. ನನ್ನ ಕಂಪ್ಯೂಟರ್ ಪ್ರೋಗ್ರಾಂ ಕಳಿಸುವ ಮೆಸೇಜಿಗೆ ಒಂದು ಸಾಲು ಸೇರಿಸಬೇಕಂತೆ — ‘ಬೆಳಿಗ್ಗೆ ಹತ್ತರೊಳಗೆ ಬನ್ನಿ’. ನಾಯಿ ಕಚ್ಚಿದವರಿಗೆ ಐದು ಇಂಜೆಕ್ಷನ್. ಮೊದಲ ದಿನ ಹಾಕಿಸಿಕೊಳ್ಳಲು ಎಲ್ಲರೂ ಓಡಿಬರುತ್ತಾರೆ. ಆಮೇಲಿನ ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಇಪ್ಪತ್ತೆಂಟು — ಗಾಯ ಒಣಗಿದಂತೆ ಮರೆತುಬಿಡುತ್ತಾರೆ. ಅದಕ್ಕೇ ಈ ಪ್ರೋಗ್ರಾಂ. ದಿನಾ ಸಂಜೆ ಆರಕ್ಕೆ, ನಾಳೆ ಬರಬೇಕಾದವರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಮೆಸೇಜ್ ಹಾಕುತ್ತದೆ. ಹದಿನಾಲ್ಕು ತಿಂಗಳಿಂದ ಒಂದು ದಿನ ತಪ್ಪಿಲ್ಲ. ನಲವತ್ತೆಂಟನೇ ವಯಸ್ಸಿನಲ್ಲಿ, ಫೋನಿನ ವಿಡಿಯೋ ನೋಡಿಕೊಂಡು, ಯಾರ ಕೈಕಾಲೂ ಹಿಡಿಯದೆ ಬರೆದದ್ದು.

ಹಳೇ ಕಂಪ್ಯೂಟರ್ ಕೆಟ್ಟು ಕೂತಿತು. ಹೊಸದರಲ್ಲಿ ಪ್ರೋಗ್ರಾಂ ಬರೆಯಲು ಹೊಸ ಎಡಿಟರ್. ಮೇಲ್‌ನಲ್ಲಿಟ್ಟಿದ್ದ ಪ್ರೋಗ್ರಾಂ ಕಾಪಿ ಮಾಡಿ ಇದರಲ್ಲಿ ಹಾಕಿದೆ. ಸಾಲುಗಳೆಲ್ಲ ಮೆಟ್ಟಿಲು ಇಳಿದಂತೆ ಬಲಕ್ಕೆ ಜಾರಿದವು. ಒಂದು ಸಾಲು ನಾಲ್ಕು ಅಕ್ಷರದ ಜಾಗ ಒಳಗೆ, ಮುಂದಿನದು ಎಂಟು, ಅದರ ಮುಂದಿನದು ಹನ್ನೆರಡು... ಕೊನೆಯ ಸಾಲುಗಳು ಪರದೆಯ ಆಚೆಗೇ.

ಇವತ್ತಿನ ಮೆಸೇಜನ್ನು ಫೋನಿನಿಂದ ಕೈಯಾರೆ ಕಳಿಸಬೇಕು.

3 ಜೂನ್, ಮಂಗಳವಾರ, ಸಂಜೆ 6.20

ಗೆದ್ದೆ.

ಕಾಯಿಲೆ ತಿಳಿಯಿತು. ಈ ಎಡಿಟರ್‌ಗೆ ಅತಿಯಾದ ಸಹಾಯಬುದ್ಧಿ. ಹೊಸ ಸಾಲು ಬಂದ ಕೂಡಲೇ ಮೇಲಿನ ಸಾಲು ನೋಡಿ ತಾನೇ ಜಾಗ ಬಿಡುತ್ತದೆ. ಕಾಪಿ ಮಾಡಿದ್ದರಲ್ಲಿ ಜಾಗ ಮೊದಲೇ ಇರುತ್ತದೆ. ಎರಡೂ ಸೇರಿ ಮೆಟ್ಟಿಲು. ಆ ಸಹಾಯ ನಿಲ್ಲಿಸುವ ಗುಂಡಿ ಸೆಟ್ಟಿಂಗ್ಸಿನ ಮೂರನೇ ಪುಟದಲ್ಲಿದೆ ಅಂತ ಗೊತ್ತಾದದ್ದು ನಾಲ್ಕು ಗಂಟೆಗೆ. ಅಷ್ಟರಲ್ಲಿ ‘ಎಲ್ಲ ಸಾಲು ಸರಿಮಾಡು’ ಅನ್ನುವುದನ್ನು ಒತ್ತಿಯಾಗಿತ್ತು. ಅದು ಊಹೆ ಮಾಡಿ ಮುಕ್ಕಾಲು ಸರಿಮಾಡಿತು. ಉಳಿದದ್ದು ನನ್ನ ಕಣ್ಣು.

ಬೇರೆ ಕಡೆ ಜಾಗ ಅಂದರೆ ಅಂದಚೆಂದ. ನಾನು ಬರೆದ ಪೈಥಾನ್ ಭಾಷೆಯಲ್ಲಿ ಜಾಗವೇ ಅರ್ಥ. ನಾಲ್ಕು ಜಾಗ ಒಳಗಿದ್ದ ಸಾಲು ಪಟ್ಟಿಯ ಒಬ್ಬೊಬ್ಬರಿಗೂ ನಡೆಯುತ್ತದೆ. ಎಡ ಅಂಚಿಗೆ ಬಂದರೆ, ಎಲ್ಲ ಮುಗಿದ ಮೇಲೆ ಒಂದೇ ಸಲ.

ಅರವತ್ತೊಂದು ಸಾಲು, ಒಂದೊಂದೇ ನೋಡಿದೆ. ಕೊನೆಯ ಎರಡು ಸಾಲಿನ ಮುಂಚೆ ಒಂದು ಖಾಲಿ ಸಾಲು ಬಿಟ್ಟೆ. ಪುಟ ಚೊಕ್ಕವಾಯಿತು.

ಆರಕ್ಕೆ ಓಡಿಸಿದೆ. ತಪ್ಪು ತೋರಿಸುವ ಕೆಂಪು ಅಕ್ಷರ ಒಂದೂ ಇಲ್ಲ. ಕೊನೆಗೆ ‘ಮುಗಿಯಿತು’ ಅಂತ ಬಂತು. ಕ್ಯಾಲೆಂಡರಿನಲ್ಲಿ ಟಿಕ್.

ಇಪ್ಪತ್ತಾರು ವರ್ಷ ಇನ್ನೊಬ್ಬರ ಪುಟ ತಿದ್ದಿದ ಕಣ್ಣು. ಸುಮ್ಮನೆ ಮೋಸ ಹೋಗುವಂಥದ್ದಲ್ಲ.

7 ಜೂನ್, ಶನಿವಾರ

ಟಿಕ್. ಪರೀಕ್ಷೆ ಹತ್ತಿರ. ಎಂಟರ ಬ್ಯಾಚಿನ ಹೇಮಾಶ್ರೀ ಕಚೇರಿ ಪತ್ರದಲ್ಲಿ ‘ತಮ್ಮ ವಿಶ್ವಾಸಿ’ಯನ್ನು ನಾಲ್ಕು ಜಾಗ ಒಳಗೆ ಹೊಡೆದಿದ್ದಾಳೆ. ಎಲ್ಲ ಸಾಲೂ ಎಡಕ್ಕೇ ನಿಲ್ಲುವ ಬ್ಲಾಕ್ ಪದ್ಧತಿಯಲ್ಲಿ ಒಂದು ಸಾಲು ಖಾಲಿ, ಆಮೇಲೆ ಎಡ ಅಂಚಿಗೆ. ಎಷ್ಟು ಸಲ ಹೇಳಬೇಕೋ. ಎರಡು ಮಾರ್ಕು ಕಳೆದೆ.

17 ಜೂನ್, ಮಂಗಳವಾರ, ಮಧ್ಯಾಹ್ನ 3

ಕ್ಲಿನಿಕ್ಕಿನ ನರ್ಸ್ ಶಿಲ್ಪಶ್ರೀ ಫೋನ್ ಮಾಡಿದ್ದಳು.

“ಮೇಡಂ, ಫ್ರಿಜ್ಜಲ್ಲಿ ಇಂಜೆಕ್ಷನ್ ಬಾಟ್ಲು ಹಂಗೇ ಉಳ್ಕೊಂಡವೆ.”

“ನಾಯಿಗಳು ಸುಧಾರಿಸಿರಬೇಕು ಕಣಮ್ಮ.”

“ಅಯ್ಯೋ, ಹೊಸಬ್ರು ಬತ್ತಾನೇ ಅವ್ರೆ. ಹಳಬ್ರೇ ಬತ್ತಿಲ್ಲ. ಇವತ್ತು ನಾಕು ಜನ ಬರ್ಬೇಕಿತ್ತು, ಬಂದಿದ್ದು ಹನುಮಂತಯ್ಯ ಒಬ್ರೇ. ನೆನ್ನೆನೂ ಒಬ್ರೇ. ನಿಮ್ ಮೆಸೇಜು ಎಲ್ರಿಗೂ ಹೋಯ್ತೈತಾ?”

“ದಿನಾ ಹೋಗುತ್ತೆ. ‘ಮುಗಿಯಿತು’ ಅಂತ ಬರುತ್ತಲ್ಲ.”

“ಇವತ್ತಿನ ಪಟ್ಟೀಲಿ ಹನುಮಂತಯ್ಯ ಎಷ್ಟನೇಯೋರು, ನೋಡಿ ಮೇಡಂ.”

ನೋಡಿದೆ. ಕೊನೆಯವರು.

ಸಂಜೆ 5.10

ಎಡಿಟರಿನಲ್ಲಿ ಖಾಲಿ ಜಾಗವನ್ನು ಚುಕ್ಕಿಯಾಗಿ ತೋರಿಸುವ ಒಂದು ಸೌಲಭ್ಯವಿದೆ. ಈಗ ಒತ್ತಿದೆ. ಸಾಲುಗಳ ಮುಂದೆ ನಾಲ್ಕು ನಾಲ್ಕು ಚುಕ್ಕಿ, ಸಣ್ಣ ರಂಗೋಲಿಯಂತೆ. ಕೊನೆಯ ಎರಡು ಸಾಲಿನ ಮುಂದೆ ಒಂದೂ ಇಲ್ಲ.

ಕಡೆಯದು ‘ಮುಗಿಯಿತು’ ಅನ್ನುವ ಸಾಲು, ಅದು ಅಲ್ಲೇ ಇರಬೇಕು. ಅದರ ಮೇಲಿನದು ಮೆಸೇಜ್ ಕಳಿಸುವ ಸಾಲು.

ಪ್ರೋಗ್ರಾಂ ಪಟ್ಟಿಯುದ್ದಕ್ಕೂ ಹೋಗಿದೆ. ಒಬ್ಬೊಬ್ಬರ ಹೆಸರು, ನಂಬರು ತೆಗೆದಿದೆ, ಮೆಸೇಜ್ ಬರೆದಿದೆ. ಯಾರಿಗೂ ಕಳಿಸಿಲ್ಲ. ಪಟ್ಟಿ ಮುಗಿದ ಮೇಲೆ, ಕೈಯಲ್ಲಿ ಉಳಿದ ಕೊನೆಯ ಹೆಸರಿಗೆ ಒಂದೇ ಒಂದು ಕಳಿಸಿ ‘ಮುಗಿಯಿತು’ ಅಂದಿದೆ.

ತಪ್ಪನ್ನು ಎಡಿಟರ್‌ನ ಮೇಲೆ ಹಾಕೋಣ ಅಂತ ಹೊರಟೆ. ಆಗಲಿಲ್ಲ. ಆ ಖಾಲಿ ಸಾಲು ಬಿಟ್ಟದ್ದು ನಾನು. ಸಾಲನ್ನು ಎಡ ಅಂಚಿಗೆ ತಂದದ್ದು ಎಡಿಟರೇ ಇರಬಹುದು. ನೋಡಿ ಚೊಕ್ಕವಾಗಿದೆ ಅಂದದ್ದು ನಾನು. ಪತ್ರದ ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ನಿಲ್ಲುವ ಜಾಗ ಅದು. ಒಳಗಿದ್ದಿದ್ದರೆ ತಪ್ಪು ಅಂತ ಕಾಣುತ್ತಿತ್ತು ನನ್ನ ಕಣ್ಣಿಗೆ.

ಹದಿನಾಲ್ಕು ಸಂಜೆ. ಹೋಗಬೇಕಿದ್ದದ್ದು ನಲವತ್ತೊಂದು ಮೆಸೇಜ್. ಹೋದದ್ದು ಹದಿನಾಲ್ಕು. ಉಳಿದ ಇಪ್ಪತ್ತೇಳರಲ್ಲಿ ಹದಿನಾರಕ್ಕೆ ಜನ ಕ್ಲಿನಿಕ್ಕು ತಾರೀಖು ಬರೆದುಕೊಟ್ಟ ಕಾರ್ಡು ನೋಡಿಕೊಂಡು ತಾವೇ ಬಂದಿದ್ದಾರೆ. ಹನ್ನೊಂದು ಇಂಜೆಕ್ಷನ್ ತಪ್ಪಿವೆ. ಎಂಟು ಜನ. ಆರು ಜನಕ್ಕೆ ಒಂದೊಂದು, ಒಬ್ಬರಿಗೆ ಎರಡು. ಒಬ್ಬರಿಗೆ ಮೂರು.

ಆ ಮೂರರವರು ಗಿಡ್ಡಪ್ಪ, ಬಸ್ತಿಹಳ್ಳಿ. ವಯಸ್ಸು 58. ಕಚ್ಚಿದ್ದು ಎಡ ಮುಂಗೈ. ಜೂನ್ ಎರಡಕ್ಕೆ ಮೊದಲನೆಯದು ಹಾಕಿಸಿಕೊಂಡಿದ್ದಾರೆ. ಆಮೇಲೆ ಏನೂ ಇಲ್ಲ.

ಡಾಕ್ಟರಿಗೆ ಹೇಳಿದೆ, ಇದ್ದದ್ದು ಇದ್ದ ಹಾಗೆ.

“ಮೊದಲಿಂದ ಶುರು ಮಾಡ್ಬೇಕಿಲ್ಲ, ಬಿಟ್ಟಲ್ಲಿಂದ ಹಾಕಿದ್ರೆ ಆಯ್ತು. ಆದ್ರೆ ಬೇಗ. ರೋಗ ಒಂದು ಸಲ ಶುರುವಾದ್ರೆ ಔಷಧಿ ಇಲ್ಲ ಮೇಡಂ.” ಆಮೇಲೆ, ದನಿ ತಗ್ಗಿಸಿ, “ಜನಕ್ಕೆ ನೆಟ್‌ವರ್ಕ್ ಸರಿ ಇರ್ಲಿಲ್ಲ ಅನ್ನಿ. ನಮ್ಮಿಬ್ಬರಿಗೂ ಒಳ್ಳೇದು.”

ಹೂಂ ಅಂದೆ. ಎಷ್ಟು ಬೇಗ ಹೂಂ ಅಂದುಬಿಟ್ಟೆ.

ಸಂಜೆ 6.45

ನಾಳೆಯ ಪಟ್ಟಿಯವರಿಗೆ ಕೈಯಾರೆ ಮೆಸೇಜ್ ಹಾಕಿದೆ. ತಪ್ಪಿಸಿಕೊಂಡವರಲ್ಲಿ ಏಳು ಜನ ಫೋನಿಗೆ ಸಿಕ್ಕಿದರು. ನಾಳೆ ಬರುತ್ತಾರೆ. ಗಿಡ್ಡಪ್ಪನ ಫೋನ್ ಸ್ವಿಚ್ ಆಫ್.

18 ಜೂನ್, ಬುಧವಾರ, ಬೆಳಿಗ್ಗೆ 10.30, ಬಸ್ಸಿನಲ್ಲಿ

ಇನ್‌ಸ್ಟಿಟ್ಯೂಟಿಗೆ ಬೀಗ. ಮೊದಲ ಬಸ್ಸಿಗೇ ಹಳೇಬೀಡು, ಅಲ್ಲಿಂದ ಬಸ್ತಿಹಳ್ಳಿಗೆ ನಡೆದೆ. ಬಸದಿಯ ಕಾಂಪೌಂಡು ದಾಟಿ ಮೂರನೇ ಮನೆ. ಗಿಡ್ಡಪ್ಪನ ಹೆಂಡತಿ ಲಕ್ಕಮ್ಮ ರಾಗಿ ಕೇರುತ್ತಿದ್ದರು.

“ಅವ್ರಾ? ಗಂಡಸಿ ಮಂಡೀಗೆ ತೆಂಗಿನ್ಕಾಯಿ ಸುಲ್ಯಾಕೆ ಹೋಗಿ ಹತ್ ದಿನ ಆಯ್ತು. ಫೋನು ನೀರಿಗ್ ಬಿದ್ದು ಕೆಟ್ಟೈತಂತೆ.”

“ಯಾವತ್ತು ಬಿತ್ತು?” ಬಾಯಿಂದ ಹೊರಟೇಬಿಟ್ಟಿತು.

“ಮೊನ್ನೆ ಸೋಮವಾರ.”

ಮೂರನೇ ಮೆಸೇಜ್ ಹೋಗಬೇಕಿದ್ದದ್ದು ಭಾನುವಾರ. ಅದಕ್ಕೂ ಮುಂಚೆ ಬಿದ್ದಿದ್ದರೆ ಒಂದಾದರೂ ನನ್ನ ತಲೆಯಿಂದ ಇಳಿಯುತ್ತಿತ್ತು ಅಂತ ನಿಂತಲ್ಲೇ ಲೆಕ್ಕ ಹಾಕಿದೆ. ಇಂಥವಳು ನಾನು.

“ಕ್ಲಿನಿಕ್ಕಿನ ಕಾರ್ಡ್ ಎಲ್ಲಮ್ಮ? ನೋಡಲಿಲ್ವಾ?”

ದೇವರ ಫೋಟೋ ಹಿಂದಿನಿಂದ ತೆಗೆದರು. ಅರಿಶಿನದ ಬೊಟ್ಟು ಹಚ್ಚಿ ಇಟ್ಟಿದ್ದರು. “ನಮಗ್ ಓದಾಕ್ ಬರಾಕಿಲ್ಲ ಕಣವ್ವ. ಮೆಸೇಜ್ ಬಂದ್ರೆ ಟಣ್ ಅಂತೈತೆ, ಆವಾಗ ಬನ್ನಿ ಅಂದಿದ್ರು ಆಸ್ಪತ್ರೇಲಿ. ಟಣ್ ಅನ್ನಲಿಲ್ಲ. ಇನ್ನು ಬ್ಯಾಡವೇನೋ ಅಂದ್ಕೊಂಡೊ.”

“ಕಚ್ಚಿದ ನಾಯಿ?”

“ಅದಾ? ಮೂರ್ನೇ ದಿನಕ್ಕೇ ಬಸದಿ ಹಿಂದ್ಗಡೆ ಸತ್ ಬಿದ್ದಿತ್ತು. ಪೀಡೆ ತೊಲಗ್ತು.”

ನಾಯಿ ಹತ್ತು ದಿನ ಬದುಕಿದ್ದರೆ ಭಯವಿಲ್ಲ ಅಂತ ಡಾಕ್ಟರ್ ಹೇಳಿದ್ದರು. ಕಾರ್ಡನ್ನು ಚೀಲಕ್ಕೆ ಹಾಕಿಕೊಂಡೆ. ಲಕ್ಕಮ್ಮ ನನ್ನ ಮುಖ ನೋಡಿ ನೀರು ಬೇಕಾ ಅಂದರು.

ಸಂಜೆ 7

ಗಂಡಸಿಯ ತೆಂಗಿನಕಾಯಿ ಮಂಡಿಯ ಹಿಂದೆ ಗಿಡ್ಡಪ್ಪ ಸಿಕ್ಕರು. ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಟ್ಟಿ, ತಿರುಗಿಸಿ, ಮೂರೇ ಏಟಿಗೆ ಸಿಪ್ಪೆ ಬಿಡಿಸುತ್ತಿದ್ದರು. ಎಡ ಮುಂಗೈಗೆ ಟವೆಲ್ ಸುತ್ತಿತ್ತು. ಮೆಸೇಜ್ ಕಳಿಸೋಳು ನಾನೇ ಅಂದೆ.

“ಓ, ಟಣ್ ಅನ್ಸೋರು ನೀವೇಯಾ? ಕುಂತ್ಕಳಿ. ನಾಯಿ ಕಚ್ಚಿದ್ದು ನನಗೆ, ನಿಮ್ ಮಕ ಯಾಕ್ ಹಿಂಗಾಗೈತೆ?”

“ಮೂರು ಇಂಜೆಕ್ಷನ್ ತಪ್ಪಿದೆ ಗಿಡ್ಡಪ್ಪನವರೇ. ಈಗಲೇ ಹೊರಡಬೇಕು.”

“ಮೆಸೇಜ್ ಬರ್ಲಿಲ್ವಲ್ಲ ಮೇಡಮ್ಮೋರೆ.”

“ನೆಟ್‌ವರ್ಕ್ ಸರಿ ಇರಲಿಲ್ಲ.”

“ಅದೇ ಅನ್ಕಂಡೆ. ಪಾಪ, ಅದುಕ್ಕೆ ನೀವೇನ್ ಮಾಡೀರಿ.” ಟವೆಲ್ ಬಿಚ್ಚಿ ಕೊಡವಿದರು. ಪಕ್ಕದವನಿಗೆ ಕೂಗಿ ಹೇಳಿದರು, “ಲೇ, ನನ್ ಗುಡ್ಡೆ ನೋಡ್ಕಳ್ಳಾ. ಒಂದ್ ಇಂಜೆಕ್ಷನ್ಗೆ ಊರಿಂದ್ ಊರಿಗೆ ಹುಡೀಕಂಡ್ ಬಂದವ್ರೆ. ಇಂತೋರು ಎಲ್ ಸಿಕ್ತಾರೆ.”

ಡಾಕ್ಟರ್ ಚೀಟಿ ವಾಟ್ಸಾಪ್ ಮಾಡಿದರು. ಹತ್ತಿರದ ಅರಸೀಕೆರೆ ಆಸ್ಪತ್ರೆಯಲ್ಲೇ ಎರಡನೆಯದು ಹಾಕಿಸಿದೆ. ಬಸ್ಸಿನ ದಾರಿಯುದ್ದಕ್ಕೂ ಗಿಡ್ಡಪ್ಪ ನನ್ನನ್ನು ಹೊಗಳಿದರು. ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡೆ.

ಉಳಿದ ಮೂರು: 22, 29, ಜುಲೈ 13. ಮೂರೂ ಭಾನುವಾರ. ಕ್ಲಿನಿಕ್ ಅರ್ಧ ದಿನ ಇರುತ್ತದೆ. ನಾನೇ ಹೋಗುತ್ತೇನೆ.

19 ಜೂನ್, ಗುರುವಾರ

ಎಡಿಟರಿನ ಸಹಾಯವನ್ನೆಲ್ಲ ಆರಿಸಿದೆ. ಚುಕ್ಕಿಗಳು ಯಾವಾಗಲೂ ಕಾಣುವಂತೆ ಇಟ್ಟೆ. ಆ ಖಾಲಿ ಸಾಲು ಅಳಿಸಿದೆ. ಮೆಸೇಜ್ ಕಳಿಸುವ ಸಾಲಿಗೆ ನಾಲ್ಕು ಚುಕ್ಕಿ, ಸ್ಪೇಸ್‌ಬಾರ್ ಒತ್ತಿ, ಒಂದೊಂದಾಗಿ. ‘ಮುಗಿಯಿತು’ ತೆಗೆದುಹಾಕಿದೆ. ಈಗ ಎರಡು ಸಂಖ್ಯೆ ಬರುತ್ತದೆ — ಪಟ್ಟಿಯಲ್ಲಿ ಎಷ್ಟು, ಹೋದದ್ದು ಎಷ್ಟು. ಮೊದಲೇ ಯಾಕೆ ಹೀಗೆ ಬರೆಯಲಿಲ್ಲ? ಸಾಲು ಎಣಿಸಿದೆ. ಜನರನ್ನು ಎಣಿಸಲಿಲ್ಲ.

22 ಜೂನ್, ಭಾನುವಾರ

ಮೂರನೆಯದು ಆಯಿತು. ಗಿಡ್ಡಪ್ಪ ಊರಿಗೇ ಬಂದಿದ್ದಾರೆ, ಫೋನೂ ರಿಪೇರಿಯಾಗಿದೆ. ನನಗೆಂದು ಒಂದು ಚೀಲ ತೆಂಗಿನಕಾಯಿ ತಂದಿದ್ದರು. ಬೇಡ ಅನ್ನಲು ಯಾವ ಬಾಯಿ, ತಗೊಳ್ಳಲು ಯಾವ ಕೈ. ಚೀಲವನ್ನು ಶಿಲ್ಪಶ್ರೀ ಮೇಲೆ ಹೊರಿಸಿ ಬಂದೆ.

25 ಜೂನ್, ಬುಧವಾರ, ಮಧ್ಯಾಹ್ನ 12.30

ಗಿಡ್ಡಪ್ಪ ತಾವೇ ಫೋನ್ ಮಾಡಿದರು. “ಏನಿಲ್ಲ, ಕಚ್ಚಿದ್ ಜಾಗ ಜುಮ್ ಜುಮ್ ಅಂತೈತೆ. ಹಂಗಾಯ್ತದಾ?”

ಆಗುತ್ತೆ ಅಂದೆ. ಫೋನಿಟ್ಟು ಡಾಕ್ಟರಿಗೆ ಮಾಡಿದೆ.

“ಗಾಯ ಮಾಯೋವಾಗ್ಲೂ ಹಾಗಾಗುತ್ತೆ. ಕಾಯಿ ಸುಲಿದ್ರೂ ಆಗುತ್ತೆ.”

“ಮತ್ತೆ ಆ ರೋಗ?”

“...ಅದೂ ಹೀಗೇ ಶುರುವಾಗುತ್ತೆ. ಈಗ್ಲೇ ಹೇಳಕ್ಕಾಗಲ್ಲ. ನೀರು ಕುಡಿಯೋಕೆ ಕಷ್ಟಪಡ್ತಾರಾ ನೋಡ್ತಿರಿ.”

ಎರಡು ಗಂಟೆ ಬ್ಯಾಚಿಗೆ ರಜೆ ಅಂದೆ.

28 ಜೂನ್, ಶನಿವಾರ

ದಿನಾ ಹನ್ನೆರಡಕ್ಕೆ ಫೋನ್. ಇವತ್ತು ಲಕ್ಕಮ್ಮ ಎತ್ತಿದರು.

“ನೀರು ಕುಡುದ್ರು ಕಣವ್ವ. ಒಂದು ಚೊಂಬು. ಕಾಫೀನೂ ಕುಡುದ್ರು. ಅಲ್ಲಾ, ದಿನಾ ನೀರ್ ಕುಡುದ್ರಾ ಅಂತ ಕೇಳ್ತೀರಲ್ಲ, ನಮ್ ಮನೇಲಿ ನೀರಿಲ್ಲ ಅನ್ಕಂಡಿದೀರಾ?”

ಹಿಂದಿನಿಂದ ಗಿಡ್ಡಪ್ಪ ನಗುವುದು ಕೇಳಿಸಿತು. ನಗುವಾಗ ಗಂಟಲು ಸರಿಯಾಗಿದೆಯಾ ಅಂತ ಕೇಳಿಸಿಕೊಂಡೆ.

29 ಜೂನ್, ಭಾನುವಾರ

ನಾಲ್ಕನೆಯದು. ಜುಮ್ಮು ಹಾಗೇ ಇದೆಯಂತೆ. ಹೆಚ್ಚಿಲ್ಲ, ಕಮ್ಮಿಯೂ ಇಲ್ಲ. ಅವರ ಮುಂದೆ ಕೂತು ಒಂದು ಲೋಟ ನೀರು ಕುಡಿಸಿದೆ. ಐದು ಗುಟುಕು.

ನಿಜ ಹೇಳೋಣ ಅಂತ ಹೋಗಿದ್ದೆ. ಗುಟುಕು ಎಣಿಸಿ ಬಂದೆ.

13 ಜುಲೈ, ಭಾನುವಾರ, ಬೆಳಿಗ್ಗೆ 11.15, ಕ್ಲಿನಿಕ್ಕಿನ ಬೆಂಚು

ಐದನೆಯದು ಹಾಕುತ್ತಿದ್ದಾರೆ. ನಾನು ಹೊರಗೆ.

ಕಳೆದ ವಾರದಿಂದ ಜುಮ್ಮಿಲ್ಲ. ಇವತ್ತಿನದು ಮುಗಿದರೆ ಭಯ ಬಹಳ ಕಮ್ಮಿ ಅಂದರು ಡಾಕ್ಟರ್. ಪೂರ್ತಿ ಇಲ್ಲ ಅನ್ನಲು ಇನ್ನೂ ಕೆಲವು ತಿಂಗಳು ಬೇಕಂತೆ. ಅಲ್ಲಿಯವರೆಗೂ ಹನ್ನೆರಡಕ್ಕೆ ಫೋನ್ ಮಾಡುತ್ತೇನೆ. ಉಳಿದ ಏಳು ಜನರದ್ದೂ ಪೂರ್ತಿಯಾಗಿದೆ. ನಿನ್ನೆ ಪಟ್ಟಿಯಲ್ಲಿ ಆರು, ಹೋದದ್ದು ಆರು.

ಎಲ್ಲ ತಾಳೆಯಾಯಿತು. ನೆಟ್‌ವರ್ಕ್ ಅನ್ನುವ ಒಂದು ಮಾತು ಬಿಟ್ಟು. ಅದನ್ನು ಯಾವ ಪ್ರೋಗ್ರಾಂ ತಿದ್ದುವುದಿಲ್ಲ. ಡಾಕ್ಟರಿಗೆ ಒಳಗೇ ಹೇಳಿದೆ, ಇವತ್ತು ಹೇಳಿಬಿಡ್ತೀನಿ ಅಂತ. “ನಿಮ್ಮಿಷ್ಟ” ಅಂದರು. ಮುಖ ನೋಡಲಿಲ್ಲ.

ಗಿಡ್ಡಪ್ಪ ಬಂದರು. ಅರ್ಧ ಗಂಟೆ ಕೂತಿರಬೇಕಂತೆ. ಪಕ್ಕದಲ್ಲೇ ಕೂತಿದ್ದಾರೆ. ತೋಳು ಉಜ್ಜಿಕೊಳ್ಳುತ್ತಾ ಪುಸ್ತಕದೊಳಗೆ ಬಗ್ಗಿ ನೋಡುತ್ತಿದ್ದಾರೆ.

“ಏನ್ ಬರೀತೀರಾ ಮೇಡಮ್ಮೋರೆ ಅಷ್ಟೊಂದ?”

“ನಿಮ್ಮ ವಿಷಯಾನೇ.”

“ನಂದಾ? ಓದಿ ಮತ್ತೆ. ನನಗಂತೂ ಬರಾಕಿಲ್ಲ. ಮೊದ್ಲಿಂದ ಓದಿ, ಅರ್ಧ ಗಂಟೆ ಐತೆ.”

ಜೂನ್ ಮೂರರ ಪುಟ ತಿರುವುತ್ತಿದ್ದೇನೆ. ‘ಗೆದ್ದೆ’ ಅಂತ ಶುರುವಾಗುವ ಪುಟ. ಅಲ್ಲಿಂದಲೇ —