ಅತ್ತೆ ನಕ್ಕ ಸಂಜೆ

ಭಾನುವಾರ, ನವೆಂಬರ್ 16

ಇವತ್ತೂ ಅಳು ಬರಲಿಲ್ಲ. ಗಂಡ ಲೋಹಿತ ತೀರಿಹೋದ ಮೇಲೆ ಮೊದಲ ಸಲ ಮನೆಯಿಂದ ಹೊರಗೆ ಕಾಲಿಟ್ಟೆ. ಈಗಲಾದರೂ ಏನಾದರೂ ಆದೀತು ಅಂದುಕೊಂಡಿದ್ದೆ. ಆಗಲಿಲ್ಲ.

ಅತ್ತೆಯೇ ಹಟ ಹಿಡಿದು ಕರೆದುಕೊಂಡು ಹೋದರು. ಹಾನಗಲ್ಲಿನ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್ ಅಂತ ಹೊಸ ಆಟ ಬಂದಿದೆ. ಹೊಸದಾಗಿ ಕಲಿಯುವವರಿಗೆಂದು ಗಿಡಗಳ ನಡುವೆ, ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗಳನ್ನು ಹತ್ತಿರ ಹತ್ತಿರವೇ ನಿಲ್ಲಿಸಿದ್ದಾರೆ. ಪ್ಲಾಸ್ಟಿಕ್ ತಟ್ಟೆಯನ್ನು ಬೀಸಿ ಬುಟ್ಟಿಗೆ ಬೀಳಿಸಬೇಕು. ಆಟ ಹೇಳಿಕೊಡುತ್ತಿದ್ದ ತಸ್ಲೀಮಾ ಟೀಚರ್ ಅತ್ತೆಯ ಕೈಗೊಂದು ತಟ್ಟೆ ಕೊಟ್ಟರು.

"ಒಗೀರಿ ಅವ್ವಾರ, ಅಂಜಬ್ಯಾಡ್ರಿ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಬೀಸಿದರು. ತಟ್ಟೆ ಹಿಂದಕ್ಕೆ ಹಾರಿ, ಮಲಗಿದ್ದ ನಾಯಿಯ ಪಕ್ಕದಲ್ಲಿ ಬಿತ್ತು. ನಾಯಿ ಬೆದರಿ ಓಡಿತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಥಟ್ಟನೆ ನನ್ನ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು.

"ಮಗನ್ನ ಮಣ್ಣು ಮಾಡಿ ಬಂದಾಕಿ ನಗಾಕತ್ತೇನಲ್ಲ ಯವ್ವಾ."

"ನಗ್ರಿ ಅತ್ತಿ. ನಾ ಏನೂ ಅನ್ಕೊಳ್ಳಂಗಿಲ್ಲ."

"ಹಂಗಾರ ನೀನೂ ಒಂದ್ ಒಗಿ."

ಒಗೆದೆ. ಸರಪಳಿ ಝಲ್ಲೆಂದಿತು, ತಟ್ಟೆ ಬುಟ್ಟಿಯೊಳಗೇ ಬಿತ್ತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಏನೂ ಅನ್ನಿಸಲಿಲ್ಲ. ಆದರೂ ಅತ್ತೆ ಇನ್ನೊಮ್ಮೆ ನಗಲಿ ಎಂದು ಮುಂದಿನ ತಟ್ಟೆಯನ್ನು ಬೇಕಂತಲೇ ಹಿಂದಕ್ಕೆ ಒಗೆದೆ. ನಕ್ಕರು. ನಗುನಗುತ್ತಲೇ ಅಳತೊಡಗಿದರು. ನಾನು ಅವರ ಬೆನ್ನು ಸವರುತ್ತ ನಿಂತೆ, ಯಾರದೋ ಬೆನ್ನು ಎಂಬಂತೆ.

ಈಗ ಅತ್ತೆಗೆ ನಿದ್ದೆ ಹತ್ತಿದೆ. ತಟ್ಟೆ ಎಸೆದ ನನ್ನ ತೋಳು ಸಣ್ಣಗೆ ನೋಯುತ್ತಿದೆ. ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದೇನೆ. ಹೌದು, ನೋಯುತ್ತಿದೆ.