ಬ್ಯಾನರಿಗೆ ಬರೆದ ಸಾಲು

ಜೂನ್ 3, ಸೋಮವಾರ

ಎಂದಿನಂತೆ ಸಂಜೆ ಹಿಂದಿನ ಗೇಟು ತೆಗೆಸಿದೆ. ಎಂದಿನಂತೆ ಒಬ್ಬೊಬ್ಬರಾಗಿ ನುಸುಳಿದರು — ಲಾರಿ ಡ್ರೈವರು, ಗಾರೆಯವನು, ಆಸ್ಪತ್ರೆಯ ಆಯಾ. ಕೊನೆಗೆ, ಆಚೀಚೆ ನೋಡುತ್ತ, ನನ್ನ ಅತ್ತಿಗೆ. ಮನೆಯಲ್ಲಿ ‘ಮಂಡಿನೋವಿಗೆ ವಾಕಿಂಗ್’ ಎಂದು ಹೇಳಿ ಹೊರಟವರು.

ಎಂದಿನಂತಲ್ಲದ್ದು ಒಂದೇ. ಹೊಸ ನಿರ್ದೇಶಕರ ರಂಗಪ್ರವೇಶ! ಈ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಉಪನಿರ್ದೇಶಕನಾಗಿಯೇ ತಲೆ ನರೆಸಿಕೊಂಡೆ. ಕುರ್ಚಿ ಸಿಕ್ಕಿದ್ದು ಯಾರಿಗೆ? ಹೋಟೆಲ್ ಹಾಲುಗಳಲ್ಲಿ ಸೋಪು ಕಂಪನಿಯ ಮ್ಯಾನೇಜರುಗಳಿಗೆ ಚಪ್ಪಾಳೆ ತಟ್ಟುವುದನ್ನು ಕಲಿಸುತ್ತಿದ್ದವನಿಗೆ. ಈ ಸೆಖೆಯಲ್ಲೂ ನೀಲಿ ಬ್ಲೇಜರು. ಅದೇ ಹೆಸರಿಟ್ಟೆ.

“ಫ್ರೆಂಡ್ಸ್, ನಾವು ಅಕ್ಷರ ಕಲಿಸೋರಲ್ಲ, ಲೈಫ್ ಚೇಂಜ್ ಮಾಡೋರು!”

ಥೂ. ಅಪ್ಪ ನಾಟಕದ ಕಂಪನಿಯಲ್ಲಿ ಖಳನ ಪಾರ್ಟು ಮಾಡುತ್ತಿದ್ದರು. ಅವರ ಕೆಮ್ಮಿನಲ್ಲೂ ಇದಕ್ಕಿಂತ ಒಳ್ಳೆಯ ಅಭಿನಯವಿತ್ತು.

ಜೂನ್ 7

ಬ್ಲೇಜರಿಗೆ ಹಿಂದಿನ ಗೇಟು ಹಿಡಿಸಲಿಲ್ಲ. “ಯಾಕ್ರೀ ಕಳ್ಳರ ಥರ ಹಿಂದಿನಿಂದ ಬರ್ತಾರೆ? ಮುಂದೆ ಮೇನ್ ರೋಡಿದೆ. ಪ್ರೌಡಾಗಿ ಬರ್ಲಿ!”

ಯಾಕಂತೆ! ಒಂದು ವಾರ ಪಾಠ ಮಾಡಿದವನಿಗೂ ಗೊತ್ತಿರುವ ವಿಷಯ. ನಡುವಯಸ್ಸಿನಲ್ಲಿ ಅ-ಆ ಕಲಿಯಲು ಹೋಗುವುದು ಬೀದಿಯ ಕಣ್ಣಿಗೆ ಬೀಳಬಾರದು. ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ, ಸೈಕಲ್ ಶಾಪು. ಯಾರಿಗೆ ಬೇಕಾದರೂ ಅಲ್ಲೊಂದು ಕೆಲಸವಿರಬಹುದು. ಆ ಗೇಟು ಮುಚ್ಚಿದ ದಿನ ಕೇಂದ್ರವೂ ಮುಚ್ಚಿದ ಹಾಗೆ.

ಹೇಳಬಹುದಿತ್ತು. “ಒಳ್ಳೇ ಐಡಿಯಾ ಸಾರ್” ಅಂದೆ. ಬೀಳಲಿ! ಪರದೆಯ ಹಗ್ಗ ನನ್ನ ಕೈಯಲ್ಲಿರಲಿ.

ಜೂನ್ 9, ಭಾನುವಾರ

ಅಡುಗೆಮನೆಯಲ್ಲಿ ಅತ್ತಿಗೆ ಸಕ್ಕರೆ ಪೊಟ್ಟಣ ಓದುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ನನ್ನನ್ನು ಕಂಡು ನಕ್ಕರು.

“ನಿಮ್ಮಣ್ಣಂಗೆ ಬಾಯಿ ಬಿಟ್ಟೀಯ ಮತ್ತೆ. ಮೊದ್ಲು ನಗ್ತಾರೆ, ಆಮೇಲೆ ತಾವೇ ಪಾಠ ಹೇಳೋಕೆ ಕೂರ್ತಾರೆ. ನಗೋದನ್ನ ತಡ್ಕೋಬಹುದು ಕಣೋ.”

ಅಣ್ಣ ನಿವೃತ್ತ ಬ್ಯಾಂಕ್ ಮ್ಯಾನೇಜರು. ಮದುವೆಯಾದಂದಿನಿಂದ ಅವನು ಬೆರಳಿಟ್ಟ ಕಡೆ ಇವರು ಹೆಬ್ಬೆಟ್ಟು ಒತ್ತಿದ್ದಾರೆ. ಓದು ಪೂರ್ತಿ ಬಂದ ದಿನ ತಾವೇ ಅವನ ಮುಂದೆ ಪೇಪರು ಹಿಡಿದು ಓದಬೇಕಂತೆ. ಅಲ್ಲಿಯವರೆಗೆ ಗುಟ್ಟು.

ಜೂನ್ 14

“ನೀವು ನಾಟಕದ ಮನೆತನವಂತೆ? ಗೇಟಿನ ಬ್ಯಾನರಿಗೆ ಒಂದ್ ಲೈನ್ ಬರ್ಕೊಡಿ. ಓದಿದ್ರೆ ಕಣ್ಣಲ್ಲಿ ನೀರ್ ಬರ್ಬೇಕು.”

ಬೇಕೆಂದೇ ಕೊಳೆತದ್ದನ್ನು ಬರೆದೆ. “ಅರ್ಧ ಶತಮಾನ ಕತ್ತಲಲ್ಲಿದ್ದೆ. ನಾನೂ ಮನುಷ್ಯಳೆಂದು ತಿಳಿದದ್ದು ಅಕ್ಷರ ಕಲಿತ ಮೇಲೆಯೇ!” ಮೂರನೇ ದರ್ಜೆಯ ಕಂಪನಿಯೂ ಟೊಮ್ಯಾಟೊ ಏಟಿಗೆ ಹೆದರಿ ಬಿಟ್ಟುಬಿಡುವ ಡೈಲಾಗು. ಊರು ನಗಲಿ, ಇವನ ಮುಖಕ್ಕೆ.

ಬ್ಲೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ಗೂಸ್‌ಬಂಪ್ಸ್!”

ಕತ್ತೆ.

ಜೂನ್ 22, ಶನಿವಾರ

ಇಲಾಖೆಯ ಮೀಟಿಂಗು ಮುಗಿಸಿ ಪರವೂರಿನಿಂದ ಬಂದೆ. ಹಿಂದಿನ ಗೇಟಿಗೆ ಬೀಗ. ಮುಂದೆ ಮೇನ್ ರೋಡಿಗೆ ಮುಖ ಮಾಡಿ ಆಳೆತ್ತರದ ಬ್ಯಾನರು. ಕೆಳಗೆ ನನ್ನ ಸಾಲು. ಮೇಲೆ...

ಅತ್ತಿಗೆ.

ಐಡಿ ಕಾರ್ಡಿಗೆ ಎಂದು ಫೋಟೋ ತೆಗೆದರಂತೆ. ತಲೆ ಬಾಚಿಕೊಂಡು ನಕ್ಕಿದ್ದಾರೆ, ಪಾಪ.

“ಇವ್ರನ್ನೇ ಯಾಕೆ ಹಾಕಿದ್ರಿ?”

“ಆ ಫೇಸ್ ನೋಡ್ರೀ! ಎಷ್ಟು ಪಾಪದ ಫೇಸು!”

ಆ ಫೇಸು ಒಮ್ಮೆ ಹುಬ್ಬು ಗಂಟಿಕ್ಕಿದರೆ ಅಣ್ಣ ಪೇಪರು ಮಡಚಿ ಎದ್ದುಹೋಗುತ್ತಾನೆ. ಇಳಿಸಿ ಎಂದು ಕೂಗಾಡಿದೆ. ಸೋಮವಾರ ಆಡಳಿತ ಮಂಡಳಿಯವರು ನೋಡಲು ಬರುತ್ತಾರೆ, ಆಮೇಲೆ ಇಳಿಸೋಣ ಅಂದ. ಅತ್ತಿಗೆಗೆ ಹೇಳುವುದನ್ನು ನಾಳೆಗೆ ಮುಂದೂಡಿದೆ.

ಜೂನ್ 23

ಅಣ್ಣ ನೋಡಿಬಿಟ್ಟ. ಊಟದ ಮೇಜಿನಲ್ಲಿ ಶುರು.

“ಏನೇ, ಬ್ಯಾನರ್ ಮೇಲೆ ನಿನ್ನ ಫೋಟೋ! ಅರ್ಧ ಶತಮಾನ ಕತ್ತಲಲ್ಲಿದ್ಯಂತೆ! ಹಾಗಾದ್ರೆ ನಾನು ಕರೆಂಟ್ ಬಿಲ್ ಕಟ್ಟಿದ್ದು ಯಾರಿಗೆ?”

“ಏನಂತ ಬರ್ದಿದಾರೆ ಅಲ್ಲಿ?”

“ಹೋಗಿ ಓದ್ಕೋ! ವಾಕಿಂಗ್ ಮಾಡಿ ಮಾಡಿ ಕಲ್ತಿದ್ದೀಯಲ್ಲ!”

ಅತ್ತಿಗೆ ಎದ್ದು ಹೋದರು. ತಟ್ಟೆ ಹಾಗೇ.

ಜೂನ್ 24, ಸೋಮವಾರ, ರಾತ್ರಿ

ಆಗಬೇಕಾದದ್ದು ಆಯಿತು. ಮಂಡಳಿಯವರು ಬಂದರು, ಕಲಿಯುವವರು ಬರಲಿಲ್ಲ. ಬ್ಲೇಜರು ಖಾಲಿ ಬೆಂಚುಗಳಿಗೆ ಲೈಫ್ ಚೇಂಜ್ ಮಾಡಿದ. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, “ನಾಳೆಯಿಂದ ನೀವೇ ನೋಡ್ಕೊಳ್ಳಿ” ಎಂದರು. ಕುರ್ಚಿ ನನ್ನದು! ಮೊದಲ ಆಜ್ಞೆ — ಬ್ಯಾನರು ಇಳಿಸು. ವಾಚ್‌ಮನ್ ಏಣಿ ಹತ್ತಿದ.

ಆಗ ಅತ್ತಿಗೆ ಬಂದರು. ಮೇನ್ ರೋಡಿನಲ್ಲಿ, ಸಂಜೆ ಬೆಳಕಿನಲ್ಲೇ, ಎಲ್ಲರೆದುರು.

“ಸ್ವಲ್ಪ ತಡಿಯಪ್ಪಾ. ಓದ್ಬಿಡ್ತೀನಿ.”

ಅಕ್ಷರಕ್ಕೆ ಅಕ್ಷರ ಕೂಡಿಸಿ, ಗಟ್ಟಿಯಾಗಿ. ಜನ ನಿಂತರು. ಬಸ್ಸು ನಿಧಾನವಾಯಿತು. ‘ಶತಮಾನ’ದಲ್ಲಿ ಎಡವಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಕೊನೆಯ ಪದದವರೆಗೆ ಬಿಡಲಿಲ್ಲ. ಹಿಂದಿನಿಂದ ಬ್ಲೇಜರು, “ನೋಡಿ ಸಾರ್, ಓದ್ತಿದಾರೆ!” ಎಂದು ಒಬ್ಬನೇ ಚಪ್ಪಾಳೆ ತಟ್ಟಿದ.

ಅತ್ತಿಗೆ ಅವನ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದರು.

“ನಿಮ್ಮಮ್ಮ ಹೋದ್ಮೇಲೆ ನಿನ್ನ ತಲೆ ಬಾಚಿ ಸ್ಕೂಲಿಗೆ ಕಳಿಸ್ದೋಳು ನಾನು. ಆಗ ನಾನು ಮನುಷ್ಯಳಾಗಿರ್ಲಿಲ್ವೇನೋ? ಯಾರಿದನ್ನ ಬರ್ದೋನು? ನಿಮ್ಮ ಕೇಂದ್ರದೋನೇ ಇರ್ಬೇಕು. ನಾಳೆಯಿಂದ ಈ ಗೇಟಲ್ಲೇ ಬರ್ತೀನಿ. ಆದ್ರೆ ಅವ್ನು ಇರೋ ಕಡೆ ಕೂರಲ್ಲ. ಹೆಸರು ಹೇಳು.”

“ಮನೇಲಿ ಹೇಳ್ತೀನಿ” ಅಂದೆ.

ಮನೆಗೆ ಬಂದಾಯಿತು. ಆಚೆ ತಟ್ಟೆ ಇಡುವ ಸದ್ದು. ಬ್ಲೇಜರು ಬರೆದದ್ದು ಅಂದುಬಿಟ್ಟರೆ ಮುಗಿಯಿತು. ಹೇಗೂ ಹೋಗುವವನು, ಯಾರೂ ಕೇಳುವುದಿಲ್ಲ. ಅತ್ತಿಗೆ ನಂಬುತ್ತಾರೆ.

ತಾಲೀಮು ಮಾಡಿಕೊಂಡು ಹೋಗೋಣ.

‘ಅತ್ತಿಗೆ! ವಿಧಿಯಾಟ ನೋಡಿ—’ ಥೂ.

‘ಅತ್ತಿಗೆ, ಅದು ಅವನನ್ನು ಅಣಕಿಸೋಕೆ—’ ಅಲ್ಲ.

“ಬಾರೋ, ಆರಿ ಹೋಗ್ತಿದೆ!”

‘ಅತ್ತಿಗೆ, ಅದನ್ನ ಬರ್ದೋನು—’