ನಾಲ್ಕನೆಯ ಸಲದ ಯೂರಿಯಾ

ಬೆಳಕವಾಡಿ
18 ಜನವರಿ 2026, ಭಾನುವಾರ

ಚಿರಂಜೀವಿ ರಘುನಂದನನಿಗೆ ನಿನ್ನ ಸೋದರಮಾವನ ಆಶೀರ್ವಾದ.

ಹೋದ ದೀಪಾವಳಿ ಮುಗಿದ ವಾರ, ನಿನ್ನ ಅತ್ತೆಯ ರಾಜಮುಡಿ ಭತ್ತ ತೆನೆ ಹೊರಹಾಕುವ ಮುನ್ನ ಹೊಡೆ ತುಂಬಿಕೊಂಡಿದ್ದ ಹೊತ್ತಿನಲ್ಲಿ, ಬೇಡವೆಂದರೂ ಗದ್ದೆಗೆ ಯೂರಿಯಾ ಹಾಕಿಸಿದವನು ನೀನು. ಬೆಳೆ ನೆಲಕಚ್ಚಿದ ಮೇಲೆ ಅದೇ ಗದ್ದೆಯ ಬದುವಿನಲ್ಲಿ ನಿಂತು, ರೈತರ ದುರಾಸೆಯಿಂದ ಹೀಗಾಯಿತು ಎಂದು ವಿಡಿಯೊ ಮಾಡಿ ಊರೂರಿಗೆ ಹಂಚಿದವನೂ ನೀನೇ. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ, ಇಲ್ಲದಿದ್ದರೆ ಕೈ ಮುಂದೆ ಓಡುತ್ತಿರಲಿಲ್ಲ. ಈಗ ಕೇಳುತ್ತೇನೆ. ವರ್ಗವಾಗಿ ಹೋದ ಗಂಗಾವತಿಯ ನೀರು ನಿಮಗೆ ಒಗ್ಗಿತೇ? ನಿನ್ನ ಹೆಂಡತಿ ಅಮೃತಳಿಗೆ ಬೆನ್ನುನೋವೆಂದು ಅಕ್ಕ ಹೇಳುತ್ತಿದ್ದಳು, ಹೇಗಿದ್ದಾಳೆ? ಮಗುವಿಗೆ ಹಲ್ಲು ಬಂತಂತೆ, ಸಂತೋಷ. ನಾವೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ನಾನು ಚೆನ್ನಾಗಿದ್ದೇನೆ. ನಿನ್ನ ಅತ್ತೆ ಮಾಯಮ್ಮ ಚೆನ್ನಾಗಿಲ್ಲ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ನಿಮ್ಮ ಕೃಷಿ ಇಲಾಖೆಯ ಯೋಜನೆಯ ಪ್ರಾತ್ಯಕ್ಷಿಕೆಗೆ ಗದ್ದೆ ಬೇಕು ಎಂದು ನೀನು ಕೇಳಿದಾಗ ಅವಳು ಎರಡು ಮಾತಾಡದೆ ಕೊಟ್ಟಳು. ಹೈಸ್ಕೂಲು ಮುಗಿಯುವವರೆಗೆ ತನ್ನ ಕೈಯ ಮುದ್ದೆ ಉಂಡ ಹುಡುಗ ಕೇಳುತ್ತಿದ್ದಾನೆ ಎನ್ನುವುದೊಂದೇ ಕಾರಣ. ನೀನು ಹೇಳಿಕೊಟ್ಟದ್ದು ಒಳ್ಳೆಯದನ್ನೇ, ಅದನ್ನು ಇಲ್ಲವೆನ್ನುವುದಿಲ್ಲ. ಯೂರಿಯಾವನ್ನು ಒಂದೇ ಸಲ ಸುರಿಯಬೇಡಿ, ನಾಟಿಯ ಹೊತ್ತಿಗೆ ಸ್ವಲ್ಪ, ಬುಡದಿಂದ ಹೊಸ ತೆಂಡೆ ಒಡೆಯುವಾಗ ಸ್ವಲ್ಪ, ಒಳಗೆ ತೆನೆ ಕೂಡುವಾಗ ಕೊನೆಯದು, ಅಲ್ಲಿಗೆ ಮುಗಿಯಿತು. ಎತ್ತರ ಬೆಳೆಯುವ ರಾಜಮುಡಿಗಂತೂ ಕೈ ಬಿಗಿ ಹಿಡಿಯಬೇಕು ಎಂದೆ. ಹಸಿರು ಪಟ್ಟಿಗಳಿರುವ ಪ್ಲಾಸ್ಟಿಕ್ ಕಾರ್ಡೊಂದನ್ನು ಕೊಟ್ಟು, ಎಲೆಯ ಪಕ್ಕ ಹಿಡಿದು ಬಣ್ಣ ನೋಡುವುದನ್ನು ಕಲಿಸಿದೆ. ಮೂರು ಸಲವೂ ನೀನು ಹೇಳಿದ ಹೊತ್ತಿಗೇ ಹಾಕಿದಳು, ಆಮೇಲೆ ಮೂಟೆಯ ಕಡೆ ತಿರುಗಿ ನೋಡಲಿಲ್ಲ.

ಬೆಂಗಳೂರಿನಿಂದ ದೊಡ್ಡವರು ಕ್ಷೇತ್ರೋತ್ಸವಕ್ಕೆ ಬರುತ್ತಾರೆ ಎಂದು ತಿಳಿಯುತ್ತಲೇ ನಿನ್ನ ಕಣ್ಣಿಗೆ ಆ ಗದ್ದೆ ಮಂಕಾಗಿ ಕಾಣತೊಡಗಿತು. ಪಕ್ಕದ ಚಿಕ್ಕಬೋರಯ್ಯನ ಹೈಬ್ರಿಡ್ ಭತ್ತ ಕಡುಹಸಿರಾಗಿ ನಿಂತಿತ್ತಲ್ಲ, ಫೋಟೊದಲ್ಲಿ ಅದೇ ಎದ್ದು ಕಂಡರೆ ಎಂಬ ಭಯ. ಉತ್ಸವಕ್ಕೆ ಒಂದು ವಾರ ಮುಂಚೆ ಬೈಕಿನ ಹಿಂದೆ ಮೂಟೆ ಕಟ್ಟಿಕೊಂಡು ಬಂದೆ. ನಾನು ಜಗಲಿಯಲ್ಲೇ ಇದ್ದೆ. "ಬಸುರಿ ಬೆಳೆ ಕಣ್ಲಾ ರಘು, ಈಗ್ಯಾಕ್ಲಾ ಗೊಬ್ಬರ? ನೀನೇ ಬ್ಯಾಡ ಅಂದಿದ್ದಲ್ವೇನ್ಲಾ?" ಎಂದಳು ಅವಳು. "ಗದ್ದೆ ಅಳದಿ ಕಂಡ್ರೆ ಸಾಯೇಬ್ರ ಮುಂದೆ ನನ್ ಮರ್ಯಾದೆ ಓಯ್ತದೆ ಅತ್ತೆ" ಎಂದೆ ನೀನು. "ನಿನ್ ಮರ್ಯಾದೆ ನನ್ ಗದ್ದೇಲೈತೇನ್ಲಾ? ಎಣ್ಣು ನೋಡಕ್ ಬತ್ತಾವ್ರೆ ಅಂತ ಗದ್ದೆಗೂ ಪೌಡ್ರು ಅಚ್ಬೇಕಾ?" ಎಂದು ಅವಳು ನಕ್ಕಳು, ನಾನೂ ನಕ್ಕೆ. ನೀನು ನಗಲಿಲ್ಲ. ಕಾಲಿಗೆ ಬೀಳುತ್ತೇನೆ ಎಂದು ಬಗ್ಗಿದೆ. ಅಷ್ಟಾದ ಮೇಲೆ ಅವಳು ಇನ್ನೇನು ಮಾಡಿಯಾಳು? "ಬುಡು ಬುಡು, ಮನೆ ಮಗ ಕಾಲಿಗ್ ಬೀಳೋ ಅಂಗಾಯ್ತಾ" ಎನ್ನುತ್ತ ತಾನೇ ಗದ್ದೆಗಿಳಿದು ಎರಚಿದಳು.

ಗದ್ದೆ ಹಸಿರಾಯಿತು, ಫೋಟೊ ಚೆನ್ನಾಗಿ ಬಂತು, ನಿನಗೆ ಶಾಲು ಹೊದಿಸಿದರು. ಗೊಬ್ಬರಕ್ಕೆ ಮೆತ್ತಗಾಗಿದ್ದ ಪೈರು ನವೆಂಬರಿನ ಮಳೆಗಾಳಿಗೆ ಪೂರ್ತಿ ಮಲಗಿತು. ತೆನೆಯ ಕುತ್ತಿಗೆಗೆ ಬೆಂಕಿ ರೋಗ ಹತ್ತಿ ಕಾಳೆಲ್ಲ ಜೊಳ್ಳಾದವು. ಇಷ್ಟಕ್ಕೇ ಮುಗಿದಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ, ಒಂದು ಬೆಳೆ ಹೋಯಿತೆಂದು ಸುಮ್ಮನಾಗುತ್ತಿದ್ದೆ. ನೀನು ಮತ್ತೆ ಬಂದೆ, ಮೊಬೈಲು ಹಿಡಿದು. ಹೊಡೆಯ ಕಾಲದಲ್ಲಿ ಸಾರಜನಕ ಹಾಕಿದರೆ ಕಾಂಡ ಬಲ ಕಳೆದುಕೊಳ್ಳುತ್ತದೆ, ರೋಗ ಬರುತ್ತದೆ ಎಂದು ಎಷ್ಟು ಸೊಗಸಾಗಿ ವಿವರಿಸಿದ್ದೀಯ! ಭತ್ತದ ವಿಷಯದಲ್ಲಿ ನೀನು ಹೇಳಿದ ಒಂದು ಮಾತೂ ಸುಳ್ಳಲ್ಲ. ನಿನ್ನ ಹಿಂದೆ ಮಾಯಮ್ಮನ ಹೆಸರು ಬರೆದ ಪ್ರಾತ್ಯಕ್ಷಿಕೆಯ ಬೋರ್ಡು ನಿಂತಿದೆ, ಬಾಯಲ್ಲಿ "ಕೆಲವು ರೈತರ ದುರಾಸೆ" ಎಂಬ ಮಾತಿದೆ.

ಈ ಮಾತನ್ನು ನಾನು ಮೊದಲ ಸಲ ಕೇಳುತ್ತಿಲ್ಲ ಅಳಿಯ. ನಾನು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಜೀಪಿನಲ್ಲಿ ಬಂದ ಅಧಿಕಾರಿಗಳು ನಮ್ಮಪ್ಪನಿಗೆ ಗೊಬ್ಬರ ಇನ್ನೂ ಹಾಕು, ಇನ್ನೂ ಹಾಕು ಎಂದರು. ಬೆಳೆ ಮಲಗಿದಾಗ ಅದೇ ಜೀಪಿನವರು ಸಭೆ ಕರೆದು, ರೈತರಿಗೆ ತಿಳಿವಳಿಕೆ ಸಾಲದು ಎಂದರು. ಅಪ್ಪ ಆ ಸಭೆಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದುದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ನೀನು ಕೃಷಿ ಓದುತ್ತೇನೆ ಎಂದಾಗ ಅತಿ ಹೆಚ್ಚು ಸಂತೋಷಪಟ್ಟವನು ನಾನು. ಇನ್ನು ಆ ಜೀಪಿನಲ್ಲಿ ನಮ್ಮವನೊಬ್ಬ ಕೂತಿರುತ್ತಾನೆ ಎಂದುಕೊಂಡಿದ್ದೆ.

ನಿನ್ನ ವಿಡಿಯೊದಿಂದ ಏನಾಗಿದೆ ಕೇಳು. ಸಂಕ್ರಾಂತಿಯ ಒಳಗೇ ಸುತ್ತಲಿನವರು ಮಾಯಮ್ಮನ ಹತ್ತಿರ ರಾಜಮುಡಿ ಬೀಜಕ್ಕೆ ಹೇಳಿಹೋಗುವುದು ನಿನಗೆ ಗೊತ್ತೇ ಇದೆ. ಅದು ಮಾರಾಟವಲ್ಲ, ಒಂದಳತೆ ಒಯ್ದವರು ಸುಗ್ಗಿಯಲ್ಲಿ ಒಂದೂವರೆ ತಂದುಕೊಡುತ್ತಾರೆ. ನನ್ನ ಅವ್ವನ ಕಾಲದಿಂದ ಬಂದ ಬೀಜ, ಇವಳು ತೆನೆ ತೆನೆ ಆರಿಸಿ ಉಳಿಸಿಕೊಂಡು ಬಂದಿದ್ದಾಳೆ. ಈ ಸಲದ ಬೀಜ ಕೆರೆ ಕೆಳಗಿನ ನಮ್ಮ ಇನ್ನೊಂದು ಮಡಿಯದು. ಅಲ್ಲಿಗೆ ನಿನ್ನ ಮೂಟೆ ಹೋಗಲಿಲ್ಲ, ರೋಗವೂ ಬರಲಿಲ್ಲ. ಆದರೂ ಒಬ್ಬರೂ ಬಂದಿಲ್ಲ. ಮೊನ್ನೆ ಹಾಲಿನ ಡೈರಿಯ ಮುಂದೆ ಚಿಕ್ಕಬೋರಯ್ಯ ಎಲ್ಲರಿಗೂ ಕೇಳುವಂತೆ ವಿಡಿಯೊ ಹಚ್ಚಿ, "ಗೊಬ್ಬರದಾಸೆ ಒಳ್ಳೇದಲ್ಲ ಕಣಮ್ಮ. ನಾವ್ ಯೋಳ್ತಿಲ್ಲ, ನಿಮ್ಮಳಿಯಾನೇ ಯೋಳ್ತಾವ್ನೆ" ಎಂದನಂತೆ. ಬಸ್ಸಿನ ಕಂಡಕ್ಟರನನ್ನೂ ಸುಮ್ಮನೆ ಬಿಡದ ಹೆಂಗಸು, ಹಾಲು ಅಳೆದು ಕೊಟ್ಟು ಸೀದಾ ಮನೆಗೆ ಬಂದಳು. ಯಾರು ಹಾಕಿಸಿದ್ದೆಂದು ಅಲ್ಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಅವ್ನ್ ಕೆಲ್ಸಕ್ಕೆ ಕುತ್ತು ಬಂದ್ರೆ? ಎಂಡ್ರು ಮಗೀನ ಏನಾಕಿ ಸಾಕಾನು?" ಎಂದಳು. ನನ್ನ ಬಾಯಿಗೂ ಆಣೆ ಹಾಕಿ ಬೀಗ ಜಡಿದಿದ್ದಾಳೆ. ಕಾಗದಕ್ಕೆ ಆಣೆ ಹಾಕಿಲ್ಲ.

ಅಮೃತಳಿಗೂ ಮಗುವಿಗೂ ನಮ್ಮಿಬ್ಬರ ಆಶೀರ್ವಾದ. ಮಗುವಿಗೆ ಚಳಿಗಾಳಿ ಸೋಕದಂತೆ ನೋಡಿಕೊಳ್ಳಿ. ದೇವರು ನಿನಗೆ ಆಯುಸ್ಸು, ಆರೋಗ್ಯ ಕೊಡಲಿ. ಅದರ ಜೊತೆಗೆ ಸ್ವಲ್ಪ ಧೈರ್ಯವನ್ನೂ ಕೊಡಲಿ.

ನಿನ್ನ ಸೋದರಮಾವ,
ಕೆಂಪಸಿದ್ದಯ್ಯ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮಾಯಮ್ಮ ಬಂದು, ಯಾರಿಗೂ ಬೇಡದ ಬೀಜ ಇಟ್ಟುಕೊಂಡು ಏನು ಮಾಡಲಿ, ಫೆಬ್ರವರಿ ಒಂದನೇ ತಾರೀಕು ಭಾನುವಾರ ಎಲ್ಲವನ್ನೂ ಮಿಲ್ಲಿಗೆ ಹಾಕಿಸಿ ಅಕ್ಕಿ ಮಾಡಿಸುತ್ತೇನೆ, ನಮಗೂ ಬಿತ್ತನೆಗೆ ಉಳಿಸುವುದಿಲ್ಲ ಎಂದಳು. ಅವಳು ಆಡಿದರೆ ಮಾಡುವವಳು. ಒಂದು ಸಲ ಅಕ್ಕಿಯಾದರೆ ಆ ಬೀಜ ಮತ್ತೆ ಎಲ್ಲಿಂದಲೂ ಬರುವುದಿಲ್ಲ. ಅಷ್ಟರೊಳಗೆ ಬಾ. ನನಗೆ ಫೋನಿನಲ್ಲಿ ತಪ್ಪಾಯಿತು ಎನ್ನಬೇಡ, ಅವಳ ಕಾಲಿಗೂ ಬೀಳಬೇಡ. ಡೈರಿಯ ಮುಂದೆ, ಸಂಜೆಯ ಹಾಲಿನ ಹೊತ್ತಿಗೆ, ಚಿಕ್ಕಬೋರಯ್ಯನೂ ಇರುವಾಗ, ಊರವರೆಲ್ಲರ ಎದುರು ನಿಂತು ಹೇಳು: ಆ ನಾಲ್ಕನೆಯ ಸಲದ ಯೂರಿಯಾ ಹಾಕಿಸಿದ್ದು ಯಾರು, ಏತಕ್ಕೆ?